ಎರಡು ಜೊತೆ ಟರ್ಮಿನಲ್, ದುಪ್ಪಟ್ಟು ಆಸೆ

ಸ್ಪೀಕರಿನ ಬೆನ್ನಿನಲ್ಲಿ ತಂತಿ ಸಿಕ್ಕಿಸುವ ಟರ್ಮಿನಲ್ ಎರಡು ಜೊತೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಇತ್ತ ಏಳು ಚಾನೆಲ್ಲಿನ ಹೋಮ್ ಥಿಯೇಟರ್ ರಿಸೀವರಿಗೆ ಐದೇ ಸ್ಪೀಕರ್ ಜೋಡಿಸಿ, ಉಳಿದೆರಡು ಚಾನೆಲ್ ಕೆಲಸವಿಲ್ಲದೆ ಕುಳಿತಿದ್ದರಂತೂ ಮುಗಿಯಿತು. ಮೆನುವಿನಲ್ಲಿ ‘ಬೈ-ಆಂಪ್’ ಎಂಬ ಆಯ್ಕೆಯೂ ಸಿಗುತ್ತದೆ. ಒಂದು ಚಾನೆಲ್ ಮಂದ್ರ ನುಡಿಸುವ ವೂಫರಿಗೆ, ಇನ್ನೊಂದು ತಾರ ನುಡಿಸುವ ಟ್ವೀಟರಿಗೆ. ನೂರು ವ್ಯಾಟ್ ಇದ್ದದ್ದು ಇನ್ನೂರು ಆಯಿತು ಎಂಬ ಲೆಕ್ಕ. ಈ ಲೆಕ್ಕ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ತಂತಿ ಮನೆಯಲ್ಲೇ ಬಿದ್ದಿದ್ದರೆ ಮಾಡಿ ನೋಡಿ, ಆದರೆ ಇದಕ್ಕೆಂದೇ ದೊಡ್ಡ ರಿಸೀವರ್ ಕೊಳ್ಳಬೇಡಿ.

ರಿಸೀವರಿನೊಳಗೆ ಏಳು ಆಂಪ್ಲಿಫೈಯರ್ ಇರಬಹುದು, ಸಾಮಾನ್ಯವಾಗಿ ಅವೆಲ್ಲಕ್ಕೂ ವಿದ್ಯುತ್ ಉಣಿಸುವುದು ಒಂದೇ ಪವರ್ ಸಪ್ಲೈ. ಡಬ್ಬಿಯ ಮೇಲೆ ಅಚ್ಚಾಗಿರುವ ವ್ಯಾಟ್ ಸಂಖ್ಯೆ ಹೆಚ್ಚಾಗಿ ಒಂದೋ ಎರಡೋ ಚಾನೆಲ್ ಮಾತ್ರ ದುಡಿಯುವಾಗ ಅಳೆದದ್ದು. ಎಲ್ಲ ಚಾನೆಲ್ಲುಗಳೂ ಒಟ್ಟಿಗೆ ದುಡಿದರೆ ಅದು ಇಳಿಯುತ್ತದೆ. ಒಳಗಿನ ದಾಸ್ತಾನು ಹೆಚ್ಚದೆ ಹಂಚುವ ಕೈ ಮಾತ್ರ ಹೆಚ್ಚಿದರೆ ಏನು ಬಂತು?

ಇದಕ್ಕಿಂತ ದೊಡ್ಡ ತೊಡಕು ವೋಲ್ಟೇಜಿನದು. ಎಂಟು ಓಮಿನ ಸ್ಪೀಕರಿಗೆ 100 ವ್ಯಾಟ್ ಕೊಡಲು ಸುಮಾರು 28 ವೋಲ್ಟ್ ಬೇಕು, ಅಲೆಯ ತುದಿಯಲ್ಲಿ 40. ಆಂಪ್ಲಿಫೈಯರಿನ ಮಿತಿ ಅಷ್ಟೇ ಎಂದಿಟ್ಟುಕೊಳ್ಳಿ. ರಿಸೀವರಿನ ಬೈ-ಆಂಪ್ ವ್ಯವಸ್ಥೆಯಲ್ಲಿ ಎರಡೂ ಚಾನೆಲ್ಲಿಗೆ ಹೋಗುವುದು ಪೂರ್ತಿ ಸಿಗ್ನಲ್, ಮಂದ್ರದಿಂದ ತಾರದವರೆಗೆ. ವಿಂಗಡಿಸುವ ಕೆಲಸ ಆಮೇಲೆ, ಸ್ಪೀಕರಿನೊಳಗಿನ ಕ್ರಾಸೋವರಿನಲ್ಲಿ. ಹೀಗಾಗಿ ಸಿನಿಮಾದಲ್ಲಿ ಬಾಂಬು ಸಿಡಿದು ಸಿಗ್ನಲ್ 45 ವೋಲ್ಟ್ ಕೇಳಿತೆನ್ನಿ. ವೂಫರಿನ ಚಾನೆಲ್ 40ಕ್ಕೆ ಅಲೆಯ ತಲೆ ಕತ್ತರಿಸುತ್ತದೆ, ಟ್ವೀಟರಿನ ಚಾನೆಲ್ ಕೂಡ ಅದೇ ಕ್ಷಣದಲ್ಲಿ ಅದೇ 40ಕ್ಕೆ ಕತ್ತರಿಸುತ್ತದೆ. ಬಾಂಬಿನ ಮಂದ್ರ ಸದ್ದಿಗೂ ಟ್ವೀಟರಿಗೂ ಸಂಬಂಧವೇ ಇಲ್ಲದಿದ್ದರೂ, ಹಾಗೆ ಕತ್ತರಿಸಿದಾಗ ಹುಟ್ಟುವ ಕರ್ಕಶ ಅಂಶಗಳು ಕ್ರಾಸೋವರ್ ದಾಟಿ ನೇರವಾಗಿ ಟ್ವೀಟರಿಗೇ ಬರುತ್ತವೆ. ಯಾವುದನ್ನು ತಪ್ಪಿಸಲೆಂದು ಎರಡು ತಂತಿ ಎಳೆದೆವೋ ಅದು ತಪ್ಪಲೇ ಇಲ್ಲ.

ಹಾಗಾದರೆ ಲಾಭ ಸೊನ್ನೆಯೇ? ಅಲ್ಲ. ಕರೆಂಟಿನ ಹೊರೆ ಎರಡು ಚಾನೆಲ್ಲುಗಳ ನಡುವೆ ಹಂಚಿಹೋಗುತ್ತದೆ. ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ತೀರ ಕೆಳಗಿಳಿಯುವ ಸ್ಪೀಕರಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳಿಗೆ ತುಸು ನಿರಾಳ. ಆದರೆ ವೂಫರ್, ಟ್ವೀಟರ್ ಎರಡೇ ಇರುವ ಸ್ಪೀಕರುಗಳಲ್ಲಿ ಕ್ರಾಸೋವರ್ ವಿಂಗಡಿಸುವ ಗಡಿ ಸಾಮಾನ್ಯವಾಗಿ 2ರಿಂದ 3 ಕಿಲೋಹರ್ಟ್ಜ್ ಆಸುಪಾಸಿನಲ್ಲಿರುತ್ತದೆ, ಸಂಗೀತದ ಶಕ್ತಿಯ ಬಹುಪಾಲು ಅದಕ್ಕಿಂತ ಕೆಳಗೆ. ಟ್ವೀಟರಿಗೆ ಮೀಸಲಿಟ್ಟ ಚಾನೆಲ್ ಹೆಚ್ಚು ಹೊತ್ತು ಆಕಳಿಸುತ್ತಲೇ ಇರುತ್ತದೆ. ವಾದಕ್ಕೆ ಶಕ್ತಿ ನಿಜಕ್ಕೂ ದುಪ್ಪಟ್ಟಾಯಿತು ಎಂದೇ ಒಪ್ಪೋಣ. ಅದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟು ಅನ್ನಿಸಲು ಹತ್ತಿರ ಹತ್ತಿರ 10 ಬೇಕು.

‘ನನಗೆ ವ್ಯತ್ಯಾಸ ಕೇಳಿಸಿತು’ ಎನ್ನುವವರೊಂದಿಗೆ ನಾನು ಜಗಳಕ್ಕೆ ಇಳಿಯುವುದಿಲ್ಲ. ಒಂದೇ ಕೇಳುತ್ತೇನೆ: ಎರಡೂ ಸಲ ಸದ್ದಿನ ಮಟ್ಟ ಸಮವಾಗಿತ್ತೇ? ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದು ನೋಡಿದಿರೇ? ಅರ್ಧ ಡೆಸಿಬೆಲ್ ಏರಿದರೂ ನಮ್ಮ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಚೆಂದ ಎನ್ನುತ್ತದೆ.

ನಿಜವಾದ ಬೈ-ಆಂಪಿಂಗ್ ಬೇರೆಯೇ. ಅಲ್ಲಿ ಸಿಗ್ನಲ್ ಆಂಪ್ಲಿಫೈಯರಿಗೆ ಹೋಗುವ ಮೊದಲೇ ಇಬ್ಭಾಗವಾಗುತ್ತದೆ. ವೂಫರಿನ ಆಂಪ್ಲಿಫೈಯರ್ ಮಂದ್ರವನ್ನಷ್ಟೇ ನೋಡುತ್ತದೆ, ಟ್ವೀಟರಿನದು ತಾರವನ್ನಷ್ಟೇ. ಸಿನಿಮಾ ಮಂದಿರ, ಸ್ಟುಡಿಯೋಗಳಲ್ಲಿ ಹೀಗೆಯೇ ಮಾಡುತ್ತಾರೆ. ಅಲ್ಲಿ ಈಗಲೂ ಬಳಕೆಯಲ್ಲಿರುವ ಲಿಂಕ್‌ವಿಟ್ಜ್-ರೈಲಿ ಎಂಬ ವಿಂಗಡಿಸುವ ಫಿಲ್ಟರ್ 1976ರದು. ಹ್ಯೂಲೆಟ್-ಪ್ಯಾಕರ್ಡ್‌ನ ಇಬ್ಬರು ಎಂಜಿನಿಯರುಗಳ ಕೊಡುಗೆ. ಮನೆಯ ಸ್ಪೀಕರಿಗೆ ಇದನ್ನು ಮಾಡಬೇಕೆಂದರೆ ಒಳಗಿನ ಕ್ರಾಸೋವರ್ ಕಿತ್ತು, ಅಳತೆ ಮಾಡಿ, ಹೊಸದಾಗಿ ಹೊಂದಿಸಬೇಕು. ಎಲ್ಲರಿಗೂ ಹೇಳುವ ಕೆಲಸವಲ್ಲ.

ತಮಾಷೆಯೆಂದರೆ, ಇದೇ ತತ್ತ್ವ ನಿಮ್ಮ ರಿಸೀವರಿನಲ್ಲಿ ಬೇರೆ ಹೆಸರಿನಲ್ಲಿ ಕುಳಿತಿದೆ. ತನ್ನದೇ ಆಂಪ್ಲಿಫೈಯರ್ ಇರುವ ಸಬ್‌ವೂಫರ್ ಜೋಡಿಸಿ, ಮುಂದಿನ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಕ್ರಾಸೋವರ್ 80 ಹರ್ಟ್ಜಿಗೆ ಇಡಿ. ಅದಕ್ಕಿಂತ ಕೆಳಗಿನ ಭಾರವೆಲ್ಲ ಆಂಪ್ಲಿಫೈಯರಿಗೆ ಮುಟ್ಟುವ ಮೊದಲೇ ಬೇರೆಯಾಗಿ ಸಬ್‌ವೂಫರಿಗೆ ಹೋಗುತ್ತದೆ. ಮೇಲೆ ಹೇಳಿದ ಬಾಂಬಿನ 45 ವೋಲ್ಟಿನಲ್ಲಿ ದೊಡ್ಡ ಪಾಲು ಮುಂದಿನ ಚಾನೆಲ್ಲಿನಿಂದ ಮಾಯ. ಎದೆಯೆತ್ತರದ ಸ್ಪೀಕರನ್ನು ‘ಸ್ಮಾಲ್’ ಎನ್ನಲು ಅನೇಕರಿಗೆ ಮನಸ್ಸು ಬಾರದು, ಮಗನನ್ನು ಯಾರೋ ಕುಳ್ಳ ಎಂದಷ್ಟು ನೋವು! ಆ ಆಯ್ಕೆ ಸ್ಪೀಕರಿನ ಗಾತ್ರದ ಬಗ್ಗೆ ಅಲ್ಲವೇ ಅಲ್ಲ, ಮಂದ್ರವನ್ನು ಎತ್ತ ಕಳುಹಿಸಬೇಕು ಎಂಬುದರ ಬಗ್ಗೆ. ಖಾಲಿ ಚಾನೆಲ್ಲುಗಳಿಗೆ ಹಿಂಬದಿಯ ಅಥವಾ ಎತ್ತರದ ಸ್ಪೀಕರ್ ಜೋಡಿಸಿದರೆ ಸಿಗುವ ಸುಖವೂ ಕುರುಡನಿಗೂ ಕಾಣುವಂಥದ್ದು.

ಇಷ್ಟಾದರೂ ಮಾಡಿಯೇ ನೋಡುತ್ತೇನೆ ಎನ್ನುವವರು ಮೊದಲು ರಿಸೀವರ್ ಆಫ್ ಮಾಡಿ, ಸ್ಪೀಕರಿನ ಬೆನ್ನಿನಲ್ಲಿ ಎರಡು ಜೊತೆ ಟರ್ಮಿನಲ್ಲುಗಳನ್ನು ಬೆಸೆಯುವ ಲೋಹದ ಪಟ್ಟಿಗಳನ್ನು ತೆಗೆಯಿರಿ. ಅವು ಹಾಗೇ ಉಳಿದರೆ ಎರಡು ಆಂಪ್ಲಿಫೈಯರುಗಳ ಔಟ್‌ಪುಟ್ ಒಂದಕ್ಕೊಂದು ನೇರವಾಗಿ ಸೇರಿಕೊಳ್ಳುತ್ತದೆ, ರಿಸೀವರ್ ಸುಟ್ಟುಹೋಗಬಹುದು. ತೆಗೆದ ಪಟ್ಟಿಗಳನ್ನು ಜೋಪಾನವಾಗಿಡಿ. ಮುಂದೆಂದೋ ಬೈ-ಆಂಪಿಂಗ್ ಬಿಟ್ಟು, ಪಟ್ಟಿ ಮರಳಿ ಹಾಕದೆ ಕೆಳಗಿನ ಜೊತೆಗೆ ಮಾತ್ರ ತಂತಿ ಸಿಕ್ಕಿಸಿ, ಟ್ವೀಟರ್ ಕೆಟ್ಟಿತೆಂದು ರಿಪೇರಿಯವರ ಬಳಿ ಹೊತ್ತೊಯ್ಯುವವರು ಕಡಿಮೆಯೇನಿಲ್ಲ.