ಎಸಿ ನೀರು

ನಮ್ಮ ಕಾರು ನಿಲ್ಲುವ ಜಾಗದಲ್ಲಿ ದಿನಾ ಬೆಳಿಗ್ಗೆ ನಾಲ್ಕು ಹನಿ ಹಸಿರು ನೀರು ಬಿದ್ದಿರುತ್ತಿತ್ತು. ‘ಎಸಿ ನೀರು’ ಎಂದು ತೀರ್ಪು ಕೊಟ್ಟೆ. ‘ಎಸಿ ಕೆಟ್ಟು ವರ್ಷ ಆಯ್ತಲ್ರೀ’ ಎಂದಳು ಹೆಂಡತಿ. ಕೇಳಿಸದವನ ಹಾಗೆ ಪೇಪರ್ ತಿರುವಿದೆ. ಬಾನೆಟ್ ಒಳಗಿಂದ ಕಿರ್ ಕಿರ್ ಸದ್ದೂ ಬರುತ್ತಿತ್ತು. ಅದಕ್ಕೂ ಮದ್ದಿತ್ತು, ರೇಡಿಯೊ ಜೋರು ಮಾಡಿದೆ. ಎಂಜಿನ್ ತಣ್ಣಗಿಡುವ ಕೂಲಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿದೆ. ನಾವೇ ಕುಡಿಯದ ನೀರು ಅದು.

ಏಪ್ರಿಲ್‌ನಲ್ಲಿ ಉಜಿರೆಯಲ್ಲೊಂದು ಮದುವೆ. ಊಟ ಮುಗಿಸಿ, ಅತ್ತೆ ಮಾವನನ್ನೂ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ನಮಗಿಂತ ಬೇಗ ಮೇಲೆ ಹತ್ತಿತು. ಹೀಟರ್ ಹಾಕಿದರೆ ಎಂಜಿನ್ ಬಿಸಿ ಸ್ವಲ್ಪ ಇಳಿಯುತ್ತದೆ ಎಂದು ಎಲ್ಲೋ ಕೇಳಿದ್ದೆ. ಪೂರ್ತಿ ತಿರುಗಿಸಿದೆ. ರೇಷ್ಮೆ ಸೀರೆಯ ಅತ್ತೆ ಇಡ್ಲಿಯಂತೆ ಬೇಯತೊಡಗಿದರು. ಐದು ನಿಮಿಷದಲ್ಲಿ ಇದ್ದಕ್ಕಿದ್ದಂತೆ ತಂಗಾಳಿ!

‘ನೋಡಿ ಅಳಿಯಂದ್ರೇ, ಎಸಿ ಸರಿಯಾಯ್ತು’ ಎಂದರು ಮಾವ. ನಾನೂ ಬೀಗಿದೆ. ಹೀಟರ್‌ಗೆ ಬಿಸಿ ಬರುವುದು ಎಂಜಿನ್ನಿನ ನೀರಿನಿಂದ, ಆ ನೀರು ಓಡಾಡದಿದ್ದರೆ ತಣ್ಣನೆ ಗಾಳಿಯೇ ಗತಿ ಎಂದು ಯಾರಿಗೆ ಗೊತ್ತಿತ್ತು? ಮುಂದಿನ ತಿರುವಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು.

ಮಾವ ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ‘ಕುಕ್ಕರ್ ಪ್ರೆಶರ್ ಇಳಿಯೋ ಮೊದ್ಲೇ ಮುಚ್ಚಳ ತೆಗೀತಾರೇನ್ರೀ?’ ಅತ್ತೆ ಗದರಿದರು. ಆ ದಿನ ಕಾರಿನ ಬಗ್ಗೆ ಯಾರಾದರೂ ಸರಿಯಾದ ಮಾತಾಡಿದ್ದರೆ ಅದೊಂದೇ. ತೆಗೆದಿದ್ದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತಿತ್ತು.

ಮೆಕ್ಯಾನಿಕ್ ಬಂದು ಬಗ್ಗಿ ನೋಡಿದ. ‘ವಾಟರ್ ಪಂಪ್ ಹೋಗಿದೆ ಸಾರ್.’

‘ರಿವೈಂಡಿಂಗ್ ಮಾಡಿಸಿದ್ರೆ ಸಾಕಾ?’ ಎಂದೆ. ತೋಟದ ಪಂಪ್ ಹೋದರೆ ಅದೇ ತಾನೇ ಮಾಡಿಸುವುದು!

ಅವನು ನನ್ನನ್ನು ಬಿಟ್ಟು ಅತ್ತೆಗೆ ವಿವರಿಸತೊಡಗಿದ. ಈ ಪಂಪಿಗೆ ಕರೆಂಟಿಲ್ಲ, ಎಂಜಿನ್ನಿನ ಬೆಲ್ಟೇ ತಿರುಗಿಸುತ್ತದೆ. ಎಂಜಿನ್ನಿಗೂ ರೇಡಿಯೇಟರ್‌ಗೂ ಕೂಲಂಟ್ ಓಡಾಡಿಸುವುದು ಇದರ ಕೆಲಸ. ಸೀಲ್ ಸವೆದರೆ ಗೊತ್ತಾಗಲಿ ಅಂತಲೇ ಪಂಪಿಗೊಂದು ಸಣ್ಣ ತೂತು ಇಟ್ಟಿರುತ್ತಾರೆ, ಹನಿ ಬೀಳುವುದು ಅಲ್ಲಿಂದ. ಕಿರ್ ಕಿರ್ ಅಂದಿದ್ದು ಬೇರಿಂಗ್. ಬೋರ್ ನೀರಿಗೆ ಒಳಗೆಲ್ಲ ತುಕ್ಕು. ‘ಹಸಿರು ನೀರು ಸಾರ್‌ಗೆ ಕಾಣ್ಲೇ ಇಲ್ವಾ ಅಮ್ಮಾ?’

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೇ ವಾಸಿಯಿತ್ತು.

ಕಾರನ್ನು ಮೂಡಿಗೆರೆಗೆ ಎಳೆದೊಯ್ದರು. ನಾವು ಕೊಟ್ಟಿಗೆಹಾರದಲ್ಲಿ ನೀರುದೋಸೆ ಮುಂದಿಟ್ಟುಕೊಂಡು ಮಾತಿಲ್ಲದೆ ಕೂತೆವು. ಕೊನೆಗೆ ಮಾವನೇ ಬಾಯಿಬಿಟ್ಟರು.

‘ಏನೇ ಹೇಳಿ ಅಳಿಯಂದ್ರೇ, ಎಸಿ ಮಾತ್ರ ಚೆನ್ನಾಗಿ ಬಂತು ಅಲ್ವಾ?’