ಅನ್‌ಲಿಮಿಟೆಡ್ ಮುಗಿದಿದೆ, ದಯವಿಟ್ಟು ಸಹಕರಿಸಿ

‘ನಿಮ್ಮ ಅನ್‌ಲಿಮಿಟೆಡ್ ಪ್ಲಾನಿನ ಶೇ 100ರಷ್ಟು ಡೇಟಾ ಬಳಕೆಯಾಗಿದೆ’ ಎಂಬ ಮೆಸೇಜು ಈ ತಿಂಗಳೂ ಬಂತು. ನಿಮಗೂ ಬಂದಿರುತ್ತದೆ. ಓದಿ, ಬಯ್ದು, ಅಳಿಸಿ ಹಾಕಿರುತ್ತೀರಿ. ನಾನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅನಂತಕ್ಕೆ ಶೇಕಡಾವಾರು ಲೆಕ್ಕ ಕೊಡುವ ವಿದ್ಯೆ ಲೋಕದಲ್ಲಿ ಇನ್ನಾರಿಗಿದೆ ಹೇಳಿ. ಗಣಿತದ ಮೇಷ್ಟ್ರುಗಳು ಅನಂತ ಅಂದರೆ ಅಡ್ಡ ಮಲಗಿದ ಎಂಟು ಅಂತ ಬೋರ್ಡಿನ ಮೇಲೆ ಬರೆದು ಕೈ ಝಾಡಿಸಿಕೊಂಡರು. ನೆಟ್ ಕಂಪನಿಯವರು ಅದು 3300 ಜಿಬಿ ಅಂತ ಪತ್ತೆ ಹಚ್ಚಿ, ಪಕ್ಕದಲ್ಲೊಂದು ನಕ್ಷತ್ರ ಇಟ್ಟು, ಜಿಎಸ್‌ಟಿ ಸೇರಿಸಿ ಮಾರುತ್ತಿದ್ದಾರೆ. ಅದೂ ದೊಡ್ಡ ಕಂಪನಿಗಳ ಮಾತಾಯಿತು. ನಾನು ಹಾಕಿಸಿಕೊಂಡಿರುವುದು ಅಗ್ಗದ ಪ್ಲಾನು, ಇಲ್ಲಿ ಅನಂತ 500 ಜಿಬಿಗೇ ಮುಗಿಯುತ್ತದೆ. ಅನಂತಗಳಲ್ಲೂ ಚಿಕ್ಕದು ದೊಡ್ಡದು ಉಂಟು ಅಂತ ಜರ್ಮನಿಯ ಕ್ಯಾಂಟರ್ ಎಂಬ ಗಣಿತಜ್ಞ 19ನೇ ಶತಮಾನದಲ್ಲೇ ಸಾಧಿಸಿ ತೋರಿಸಿದ್ದ. ಆತ ಮಂಡ್ಯದಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಮಂಡ್ಯದಲ್ಲಿ ನೆಟ್ ಅಂದರೆ ಕಂಪನಿಯಲ್ಲ, ಒಬ್ಬ ಹುಡುಗ. ಬೈಕಿನ ಹಿಂದೆ ಕೇಬಲ್ ಸುರುಳಿ, ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಕೊಂಡ ಫೋನು, ಯಾವ ಕಂಬದ ಕೆಳಗೂ ನಿಲ್ಲದ ಅವಸರ. ಹಿಡಿದು ನಿಲ್ಲಿಸಿ ಕೇಳಿದೆ.

‘ಏನಯ್ಯಾ, ಅನ್‌ಲಿಮಿಟೆಡ್ ಅಂದಿದ್ದೆಯಲ್ಲ?’

‘ಅನ್‌ಲಿಮಿಟೆಡ್ಡೇ ಸಾ. ನಿಂತೋಗದಾ? ಇಲ್ವಲ್ಲ. ಬತ್ತಾ ಅದಲ್ಲ ಸಾ.’

‘ಬರ್ತಿದೆ ಸರಿ, ಒಂದು ವಿಡಿಯೋ ಓಡ್ತಾ ಇಲ್ಲ.’

‘ಅದು ಸ್ಪೀಡು ಸಾ. ಡೇಟಾ ಅನ್‌ಲಿಮಿಟೆಡ್ಡು, ಸ್ಪೀಡು ಲಿಮಿಟೆಡ್ಡು. ನಿಮ್ಮನೇಲಿ ಯಾರೋ ಜಾಸ್ತಿ ಬಳಸವ್ರೆ ಸಾ.’

ಕೊನೆಯ ಮಾತನ್ನು ದನಿ ತಗ್ಗಿಸಿ ಹೇಳಿದ. ಅಕ್ಕಪಕ್ಕದವರ ಕಿವಿಗೆ ಬಿದ್ದು ನಮ್ಮ ಮರ್ಯಾದೆ ಹೋಗಬಾರದಲ್ಲ.

ಎಫ್‌ಯುಪಿ, ಫೇರ್ ಯೂಸೇಜ್ ಪಾಲಿಸಿ ಅನ್ನುವುದು ಮಿತಿ ದಾಟಿದರೆ ಸ್ಪೀಡು ಇಳಿಸುವ ಇದನ್ನೇ. ದುಡ್ಡು ಕೊಟ್ಟು ಕೊಂಡದ್ದನ್ನು ಬಳಸಿದರೆ ನೀವು ಅನ್ಯಾಯಗಾರರು, ಬಳಸದೆ ಬಿಟ್ಟರೆ ಸಂಭಾವಿತರು. ಅತಿ ಸಂಭಾವಿತ ಗ್ರಾಹಕ ಯಾರೆಂದರೆ ಒಂದನೇ ತಾರೀಖು ಬಿಲ್ ಕಟ್ಟಿ, ರೌಟರಿನ ಹಸಿರು ದೀಪಕ್ಕೆ ಕೈ ಮುಗಿದು, ಬಾಗಿಲಿಗೆ ಬೀಗ ಹಾಕಿ ಊರಿಗೆ ಹೋಗಿಬಿಡುವವನು. ಅಂಥವರು ಇನ್ನೂ ಇದ್ದಾರೆ. ಕಂಪನಿಗಳ ಲಾಭ ನಿಂತಿರುವುದೂ ಅವರ ಮೇಲೆಯೇ.

ಜಾಹೀರಾತಿನಲ್ಲಿ 100 ಎಂಬಿಪಿಎಸ್ ಅಂತ ಬರೆದಿರುತ್ತಾರೆ. ಅದು ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಕೈಗೆ ಸಿಗುವುದು ಸೆಕೆಂಡಿಗೆ 12.5 ಮೆಗಾಬೈಟ್. ಸ್ಪೀಡು ಹೇಳುವಾಗ ಬಿಟ್, ಮಿತಿ ಹೇಳುವಾಗ ಬೈಟ್. ಇದು ಎಂಜಿನಿಯರುಗಳ ಹಳೇ ವಾಡಿಕೆ, ಮೋಸವಲ್ಲ ಅನ್ನುತ್ತಾರೆ. ಇರಲಿ. ವಾಡಿಕೆಗಳೆಲ್ಲ ಮಾರುವವನ ಕಡೆಗೇ ಯಾಕೆ ವಾಲುತ್ತವೋ ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈಗ ಅದೇ ಸ್ಪೀಡಿನಲ್ಲಿ ನಲ್ಲಿ ಪೂರ್ತಿ ತಿರುಗಿಸಿದಿರಿ ಅನ್ನಿ. ನನ್ನ 500 ಜಿಬಿ ಹನ್ನೊಂದು ಗಂಟೆ ಚಿಲ್ಲರೆಯಲ್ಲಿ ಖಾಲಿ. ದೊಡ್ಡವರ 3300 ಜಿಬಿ ಮೂರು ದಿನ ಒಂದು ಗಂಟೆಗೆ ಖಾಲಿ. ತಿಂಗಳಿಡೀ ನೂರರ ಸ್ಪೀಡು ಕೊಡುತ್ತೇವೆಂದು ದುಡ್ಡು ಇಸಿದುಕೊಂಡವರು ಹತ್ತರಲ್ಲಿ ಒಂದು ಪಾಲು ದಾಟುತ್ತಿದ್ದಂತೆ ‘ಜಾಸ್ತಿ ಆಯ್ತು’ ಅನ್ನುತ್ತಾರೆ. ಆಮೇಲೆ ಕೊಡುವುದು 2 ಎಂಬಿಪಿಎಸ್. ಅದರಲ್ಲಿ ಒಂದು ಜಿಬಿ ಇಳಿಯಲು ಒಂದು ಗಂಟೆ ಏಳು ನಿಮಿಷ.

ಇದನ್ನೆಲ್ಲ ಬೆಂಗಳೂರಿನ ಸಾಫ್ಟ್‌ವೇರ್‌ನವರಿಗೆ ವಿವರಿಸಲು ಚಿತ್ರ ಬಿಡಿಸಬೇಕು. ನಮ್ಮ ಜಿಲ್ಲೆಯಲ್ಲಿ ಬೇಡ. ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿತೇ ಅಂತ ಬೆಳಗ್ಗೆ ಪೇಪರಿನಲ್ಲಿ ಮೊದಲು ನೋಡುವ ಜನ ನಾವು. ಎಂಬಿಪಿಎಸ್ ಅಂದರೆ ಕ್ಯೂಸೆಕ್, ಜಿಬಿ ಅಂದರೆ ಟಿಎಂಸಿ, ಮುಗಿಯಿತು. ಒಂದು ಸೆಕೆಂಡಿಗೆ ಎಷ್ಟು ಹರಿಯಿತು ಅನ್ನುವುದು ಬೇರೆ, ಒಟ್ಟು ಎಷ್ಟು ಹೋಯಿತು ಅನ್ನುವುದು ಬೇರೆ. 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ ಅಂತ ಎತ್ತಿನ ಗಾಡಿ ಮೇಲೆ ಕೂತವರೂ ಬಾಯಲ್ಲೇ ಹೇಳುತ್ತಾರೆ. ಹುಲಿಕೆರೆ ಸುರಂಗದಲ್ಲಿ ಹಿಡಿಸುವಷ್ಟೇ ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ, ಅದು ಬ್ಯಾಂಡ್‌ವಿಡ್ತ್. ಕಟ್ಟು ಪದ್ಧತಿಯಲ್ಲಿ ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ ನೀರು ಬಿಡುವುದು, ಕೊನೇ ಭಾಗದ ಮಳವಳ್ಳಿ, ಮದ್ದೂರಿನವರು ನೀರು ಬರಲಿಲ್ಲವೆಂದು ರಸ್ತೆಗಿಳಿಯುವುದು, ಇವೆಲ್ಲ ನಮಗೆ ಹುಟ್ಟಿನಿಂದ ಗೊತ್ತಿರುವ ನೆಟ್‌ವರ್ಕ್ ಪಾಠ. ಇಷ್ಟಾಗಿ ನೀರಾವರಿ ಇಲಾಖೆಯವರು ಇವತ್ತಿನ ತನಕ ‘ಅನ್‌ಲಿಮಿಟೆಡ್ ನೀರು’ ಅಂತ ಬೋರ್ಡು ಹಾಕಿಲ್ಲ. ಹಾಕಿದ್ದರೆ ಜನ ಆ ಬೋರ್ಡನ್ನು ಕಿತ್ತು ಎಲ್ಲಿಗೆ ಹೊತ್ತುಕೊಂಡು ಹೋಗುತ್ತಿದ್ದರು ಅಂತ ಬಿಡಿಸಿ ಹೇಳಬೇಕಿಲ್ಲ.

ಆದರೆ ಈ ಲೆಕ್ಕ ಒಂದು ಕಡೆ ಕೈಕೊಡುತ್ತದೆ. ಕೆಆರ್‌ಎಸ್‌ನಲ್ಲಿ ಹಿಡಿಸುವುದೇ 49.45 ಟಿಎಂಸಿ, ಬಿಟ್ಟ ನೀರು ಹೋಯಿತು, ಬಿಡದ ನೀರು ಉಳಿಯಿತು. ಡೇಟಾಕ್ಕೆ ಅಣೆಕಟ್ಟೆಯೇ ಇಲ್ಲ. ರಾತ್ರಿ ಮೂರು ಗಂಟೆಗೆ ಊರೆಲ್ಲ ಮಲಗಿದಾಗ ಖಾಲಿ ಬಿದ್ದ ಕೇಬಲ್ಲಿನ ಸಾಮರ್ಥ್ಯವನ್ನು ತುಂಬಿಟ್ಟು ಸಂಜೆಗೆ ಬಿಡಲು ಬರುವುದಿಲ್ಲ. ಇಕ್ಕಟ್ಟಾಗುವುದು ಸಂಜೆ ಎಂಟರಿಂದ ಹನ್ನೊಂದರವರೆಗೆ. ಬೀದಿಗೆ ಬಂದಿರುವ ಒಂದು ಜಿಪಾನ್ ಎಂಬ ಬಗೆಯ ಫೈಬರಿನ ಇಳಿಸುವ ಸಾಮರ್ಥ್ಯ ಸುಮಾರು 2.5 ಜಿಬಿಪಿಎಸ್, ಅಂದರೆ 2500 ಎಂಬಿಪಿಎಸ್. ಅದನ್ನು 32 ಮನೆಗೋ 64 ಮನೆಗೋ ಸೀಳಿ ಹಂಚಿರುತ್ತಾರೆ. 64 ಮನೆಗೂ ನೂರು ನೂರು ಮಾರಿದರೆ 6.4 ಜಿಬಿಪಿಎಸ್ ಮಾರಿದಂತಾಯಿತು. ಎಲ್ಲರೂ ಒಟ್ಟಿಗೆ ತಿರುಗಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ವ್ಯಾಪಾರ. ಇದರಲ್ಲಿ ತಪ್ಪಿಲ್ಲ, ಜಗತ್ತಿನಲ್ಲೆಲ್ಲ ಹೀಗೇ ನಡೆಯುವುದು. ಆದರೆ ಇಕ್ಕಟ್ಟು ತಪ್ಪಿಸುವುದೇ ಉದ್ದೇಶವಾದರೆ ಸಂಜೆಗೆ ಲಗಾಮು ಹಾಕಬೇಕಲ್ಲವೇ? ರಾತ್ರಿ ಮೂರಕ್ಕೆ ಯಾರಿಗೂ ತೊಂದರೆ ಕೊಡದೆ ಇಳಿಸಿಕೊಂಡ ಜಿಬಿಗೂ ಸಂಜೆ ಒಂಬತ್ತರ ಜಿಬಿಗೂ ಒಂದೇ ತಕ್ಕಡಿ. ತಿಂಗಳ ಮಿತಿ ಇಕ್ಕಟ್ಟಿಗೆ ಔಷಧಿಯಲ್ಲ. ಮುಂದಿನ ದರ್ಜೆಯ ಪ್ಲಾನು ಮಾರುವುದಕ್ಕೆ ಒಳ್ಳೆಯ ಔಷಧಿ.

ಸರ್ಕಾರ ಸುಮ್ಮನೆ ಕೂತಿದೆ ಅಂತ ಭಾವಿಸಬಾರದು. ಬ್ರಾಡ್‌ಬ್ಯಾಂಡ್ ಅಂದರೇನು ಅಂತ ಕಾಲಕಾಲಕ್ಕೆ ಚಿಂತಿಸಿದೆ. 2004ರಲ್ಲಿ ಕನಿಷ್ಠ 256 ಕೆಬಿಪಿಎಸ್ (ಎಂಬಿಪಿಎಸ್‌ನ ಸಾವಿರದಲ್ಲೊಂದು ಪಾಲು ಒಂದು ಕೆಬಿಪಿಎಸ್), 2013ರಲ್ಲಿ 512, 2023ರ ಜನವರಿಯಲ್ಲಿ 2 ಎಂಬಿಪಿಎಸ್. ಮಿತಿ ಮುಗಿದ ಮೇಲೂ ಬ್ರಾಡ್‌ಬ್ಯಾಂಡನ್ನು 512ಕ್ಕಿಂತ ಕೆಳಗೆ ಇಳಿಸಬೇಡಿ ಅಂತ 2016ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೇಳಬೇಕಾಯಿತು. ಹೇಳಬೇಕಾಯಿತು ಅಂದರೆ ಅಲ್ಲಿಯವರೆಗೆ ಏನು ನಡೆಯುತ್ತಿತ್ತು ಅಂತ ನೀವೇ ಊಹಿಸಿ. ಮೊಬೈಲಿನವರ ತಿಂಗಳಿಗೆ 28 ದಿನ, ಅಂದರೆ ವರ್ಷಕ್ಕೆ 13 ರೀಚಾರ್ಜು. ಪೂರ್ತಿ 30 ದಿನದ ಪ್ಯಾಕು ಕನಿಷ್ಠ ಒಂದಾದರೂ ಇಡಿ ಅಂತ ಕೇಳಿಕೊಳ್ಳಲು 2022 ಬರಬೇಕಾಯಿತು. ಪಂಚಾಂಗದವರೂ ಅಧಿಕ ಮಾಸ ಹಾಕುತ್ತಾರೆ, ಆದರೆ ಪ್ರತಿ ವರ್ಷ ಹಾಕುವುದಿಲ್ಲ.

ಮೊಬೈಲಿನ ವಿಷಯ ಬಂದ ಮೇಲೆ ನಗು ಬರುವುದಿಲ್ಲ. ದಿನಕ್ಕೆ 1.5 ಜಿಬಿ, 28 ದಿನಕ್ಕೆ 42 ಜಿಬಿ. ನಾನು ದುಡ್ಡು ಕೊಟ್ಟಿದ್ದೇನೆ. ಸೋಮವಾರ ಮುಟ್ಟದೆ ಭಾನುವಾರ ಮೂರು ಜಿಬಿ ಬಳಸಿದರೆ ಇವರ ಗಂಟೇನು ಹೋಗುತ್ತದೆ? ರಾತ್ರಿ ಹನ್ನೆರಡಾದ ಕೂಡಲೇ ಉಳಿದದ್ದು ಮಾಯ. ಸಾಲ ಕೊಟ್ಟವನು ಕೂಡ ಹೀಗೆ ಮಾಡುವುದಿಲ್ಲ. ದಿನದ ಪಾಲು ಮುಗಿದರೆ ಬಹಳಷ್ಟು ಪ್ಯಾಕುಗಳಲ್ಲಿ ಸಿಗುವುದು 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 8 ಕೆಬಿ. 5 ಎಂಬಿಯ ಒಂದು ಫೋಟೋ ಹೋಗಲು ಹತ್ತು ನಿಮಿಷದ ಮೇಲೆ. ಬೆಳೆ ಸಮೀಕ್ಷೆ ಆ್ಯಪ್ ಹಾಕಿಕೊಳ್ಳಿ, ಹೊಲಕ್ಕೆ ಹೋಗಿ, ಬೆಳೆಯ ಫೋಟೋ ತೆಗೆದು ಅಪ್‌ಲೋಡ್ ಮಾಡಿ ಅನ್ನುತ್ತದೆ ಸರ್ಕಾರ. ಯಾರ ಫೋನಿನಿಂದ? ರೈತನ ಫೋನಿನಿಂದ. ಯಾರ ಡೇಟಾದಿಂದ? ಅವನದೇ. ಮೊಮ್ಮಗ ಮಧ್ಯಾಹ್ನ ಕಾರ್ಟೂನ್ ನೋಡಿ ದಿನದ ಪಾಲು ಮುಗಿಸಿದ್ದರೆ ಬದುವಿನ ಮೇಲೆ ಫೋನ್ ಎತ್ತಿ ಹಿಡಿದು ನಿಲ್ಲಬೇಕು. ಪಿಂಚಣಿಗೆ ಆನ್‌ಲೈನ್, ವಿದ್ಯಾರ್ಥಿವೇತನಕ್ಕೆ ಆನ್‌ಲೈನ್, ಪಹಣಿಗೆ ಆನ್‌ಲೈನ್. ಪ್ರತಿಯೊಂದಕ್ಕೂ ಜನ ತಮ್ಮ ಜೇಬಿನಿಂದ ಡೇಟಾ ಸುರಿದು ಸರ್ಕಾರದ ಕೆಲಸ ಸರ್ಕಾರಕ್ಕೇ ಮಾಡಿಕೊಡುತ್ತಿದ್ದಾರೆ, ಮೇಲೆ ‘ಕೊನೆಯ ದಿನಾಂಕ ಮುಗಿದಿದೆ’ ಅನ್ನಿಸಿಕೊಳ್ಳುತ್ತಿದ್ದಾರೆ. ಇದರಲ್ಲಿ ಹಾಸ್ಯ ಹುಡುಕುವ ತಾಳ್ಮೆ ನನಗೆ ಉಳಿದಿಲ್ಲ.

ಕೌಂಟರಿನಲ್ಲಿ ಕೇಳಿದರೆ ಒಂದೇ ಉತ್ತರ, ‘ಸರ್ವರ್ ಇಲ್ಲ.’ ಕೇಬಲ್ಲೇ ಕಿತ್ತುಹೋಗಿದ್ದರೂ ಸರ್ವರ್ ಇಲ್ಲ. ಒಟ್ಟಿಗೆ ನುಗ್ಗಿದ ಜನರಿಗೆಲ್ಲ ಉತ್ತರಿಸಲಾಗದೆ ಯಂತ್ರ ಕುಸಿದಿದ್ದರೂ ಸರ್ವರ್ ಇಲ್ಲ. ಬಾಡಿಗೆಗೆ ಹಿಡಿದ ತಿಂಗಳ ಬ್ಯಾಂಡ್‌ವಿಡ್ತ್ ಮುಗಿದಿದ್ದರೂ ಸರ್ವರ್ ಇಲ್ಲ. ರಜೆ ಹಾಕಿರುವುದು ಗುಮಾಸ್ತನಾದರೂ ಸರ್ವರ್ ಇಲ್ಲ.

ಇವುಗಳಲ್ಲಿ ಬಾಡಿಗೆಯ ಬ್ಯಾಂಡ್‌ವಿಡ್ತ್ ಕಥೆ ಸ್ವಲ್ಪ ಸ್ವಾರಸ್ಯದ್ದು. ಜಾಲತಾಣ ಇಡಲು ಹೋಸ್ಟಿಂಗ್‌ನವರ ಹತ್ತಿರ ಜಾಗ ಬಾಡಿಗೆಗೆ ಹಿಡಿಯುತ್ತೀರಿ. ಅಲ್ಲಿ ‘ಬ್ಯಾಂಡ್‌ವಿಡ್ತ್’ ಅಂತ ಬರೆದಿರುವುದು ಸ್ಪೀಡಲ್ಲ, ತಿಂಗಳಿಗೆ ಒಟ್ಟು ಎಷ್ಟು ಜಿಬಿ ಹೊರಗೆ ಹೋಗಬಹುದು ಎಂಬ ಮಿತಿ. ಕ್ಯೂಸೆಕ್ ಅಂತ ಬರೆದು ಟಿಎಂಸಿ ಅಳೆಯುತ್ತಾರೆ. ನಮ್ಮ ಕಡೆಯ ಒಂದು ಹಬ್ಬದ ಸಮಿತಿ ಇಂಥ ಜಾಗ ಹಿಡಿಯಿತು. ಅಗ್ಗದ್ದು, ತಿಂಗಳಿಗೆ 10 ಜಿಬಿ. ಜನಕ್ಕೆ ಬೇಕಿದ್ದದ್ದು ಎರಡು ಸಾಲು, ಕೆಂಡ ಹಾಯುವ ಕೊಂಡ ಯಾವತ್ತು, ಎಷ್ಟು ಗಂಟೆಗೆ. ಸಮಿತಿಗೆ ಬೇಕಿದ್ದದ್ದು ಶುಭ ಕೋರುವವರ ಫೋಟೋ. ಊರ ಬಾಗಿಲಿನ ಫ್ಲೆಕ್ಸಿನಲ್ಲಿ ಯಾರ್‍ಯಾರಿದ್ದರೋ ಅಷ್ಟೂ ಜನ ಮುಖಪುಟಕ್ಕೆ ಬಂದರು. ಒಟ್ಟು 24 ಮುಖ, ಒಂದೊಂದೂ ಫೋನಿನಲ್ಲಿ ತೆಗೆದು ಹಾಗೇ ಏರಿಸಿದ 5 ಎಂಬಿಯ ಫೋಟೋ. ಒಬ್ಬರು ಕೂಲಿಂಗ್ ಗ್ಲಾಸ್ ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಎರಡೂ ಕೈ ಮುಗಿದಿದ್ದಾರೆ, ಅಧ್ಯಕ್ಷರು ಎಲ್ಲರಿಗಿಂತ ಮೇಲೆ, ದೇವಿಗಿಂತಲೂ ಒಂದು ಗೇಣು ಮೇಲೆ. ಪುಟದ ತೂಕ 120 ಎಂಬಿ. 10 ಜಿಬಿಯನ್ನು 120 ಎಂಬಿಯಿಂದ ಭಾಗಿಸಿ, 83 ಬರುತ್ತದೆ. ಇಡೀ ತಿಂಗಳಿಗೆ 83 ಭಕ್ತರಿಗೆ ದರ್ಶನ.

ಎಂಬತ್ನಾಲ್ಕನೆಯವರಿಗೆ ಕಂಡದ್ದು ಬಿಳಿ ಪುಟ, ಅದರ ಮೇಲೆ ದಪ್ಪಕ್ಷರದಲ್ಲಿ 509, ಬ್ಯಾಂಡ್‌ವಿಡ್ತ್ ಲಿಮಿಟ್ ಎಕ್ಸೀಡೆಡ್. ಕೆಳಗೊಂದು ಸಾಲು ಇಂಗ್ಲಿಷಿನಲ್ಲಿ. ಜಾಲತಾಣದ ಮಾಲೀಕರು ಮಿತಿ ಮುಟ್ಟಿದ್ದಾರೆ, ಆಮೇಲೆ ಪ್ರಯತ್ನಿಸಿ ಅಂತ. ಅಂದಹಾಗೆ ಈ 509 ಅಧಿಕೃತ ಸಂಖ್ಯೆಯೂ ಅಲ್ಲ, ವೆಬ್ಬಿನ ನಿಯಮಾವಳಿಯಲ್ಲಿ ಅದಕ್ಕೆ ಜಾಗವಿಲ್ಲ, ಹೋಸ್ಟಿಂಗ್‌ನವರು ತಾವೇ ಚಾಲ್ತಿಗೆ ತಂದದ್ದು. ಇದರ ನಡುವೆ ಪಕ್ಕದೂರಿನವರು ದೇವಿಯ ಫೋಟೋವನ್ನು ಇಳಿಸಿಕೊಳ್ಳದೆ ಬರೀ ಅದರ ವಿಳಾಸವನ್ನು ತಮ್ಮ ಪುಟದಲ್ಲಿ ಅಂಟಿಸಿಕೊಂಡಿದ್ದರು. ಅವರ ಪುಟಕ್ಕೆ ಜನ ಬಂದಾಗಲೆಲ್ಲ ಮೀಟರು ಓಡಿದ್ದು ಇವರದು. ಸಾಲದ್ದಕ್ಕೆ ಸರ್ಚ್ ಎಂಜಿನ್‌ಗಳ ಬಾಟ್‌ಗಳು (ತಾವಾಗಿಯೇ ಪುಟ ಓದುವ ಪ್ರೋಗ್ರಾಂಗಳು), ಈಗ ಎಐ ಕಂಪನಿಗಳ ಬಾಟ್‌ಗಳು, ಎಲ್ಲವೂ ಸಾಲಾಗಿ ಬಂದು ಪುಟ ಓದಿಕೊಂಡು ಹೋಗುತ್ತವೆ. ಆ 83ರಲ್ಲಿ ಮನುಷ್ಯರು ಎಷ್ಟು ಅಂತ ಆ ತಾಯಿಯೇ ಬಲ್ಲಳು. ಯಾರೂ ಬರದಿದ್ದಷ್ಟು ದಿನ ಚೆನ್ನಾಗಿ ನಡೆದು, ಜನ ಬರುತ್ತಿದ್ದಂತೆ ಬಾಗಿಲು ಹಾಕಿಕೊಳ್ಳುವ ಏರ್ಪಾಡು ಇದು.

ಸಮಿತಿ ಸಭೆ ಸೇರಿತು. ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್ ಪ್ಲಾನಿಗೆ ಹೋಗೋಣ ಅಂತ ಒಬ್ಬರು ಸೂಚಿಸಿದರು. ಅದರ ಷರತ್ತುಗಳನ್ನು ಓದಿದ್ದ ಡಿಪ್ಲೊಮಾ ಹುಡುಗ, ಜಿಬಿಗೆ ಮಿತಿ ಇಲ್ಲ, ಆದರೆ ಸಿಪಿಯು ಬಳಕೆಗೆ ಮಿತಿ ಇದೆ, ಫೈಲುಗಳ ಸಂಖ್ಯೆಗೆ ಮಿತಿ ಇದೆ, ದಾಟಿದರೆ ಖಾತೆಯನ್ನೇ ನಿಲ್ಲಿಸುತ್ತಾರೆ ಅಂತ ಹೇಳಿದ. ದುಡ್ಡೇ ಬೇಡ, ಫೋಟೋಗಳನ್ನು 200 ಕೆಬಿಗೆ ಕುಗ್ಗಿಸಿದರೆ ಪುಟ 4.8 ಎಂಬಿಗೆ ಬರುತ್ತದೆ, ಎರಡು ಸಾವಿರ ಜನ ನೋಡಬಹುದು ಅಂತಲೂ ಹೇಳಿದ. ಸಭೆ ಒಪ್ಪಿತು. ಅಧ್ಯಕ್ಷರು ಮಾತ್ರ ಹುಡುಗನನ್ನು ಹೊರಗೆ ಕರೆದುಕೊಂಡು ಹೋದರು.

‘ಎಲ್ಲರದೂ ಕುಗ್ಸು. ನಂದ್ ಮಾತ್ರ ಮುಟ್ಬೇಡ ಕಣ್ಲಾ, ಮೊಕ ಮಂಕಾಯ್ತದೆ.’

ಹುಡುಗ ಹಾಗೇ ಮಾಡಿದ. ಪುಟ ಈಗ 9.6 ಎಂಬಿ. ಭಕ್ತರ ಮಿತಿ 1041.