ಇಂಟರ್‌ವಲ್ ಆದ ಮೇಲೆ ಹೀರೋನೇ ಇಲ್ಲದ ಪಿಚ್ಚರ್

ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ಹನ್ನೊಂದಾಯ್ತು, ಮನೆಯವರೆಲ್ಲ ಮಲಗಿದ್ದಾರೆ, ನಾನು ಅಡುಗೆಮನೆಯಲ್ಲಿ ಕೂತು ಫೋನ್ ಕುಟ್ಟುತ್ತಿದ್ದೇನೆ. ಕ್ರಿಕೆಟ್ ಪೋಸ್ಟ್ ಅಂದುಕೊಂಡು ಬಂದವರು ಈಗಲೇ ಮುಂದೆ ಹೋಗಬಹುದು. ನನ್ನ ಬೇಸ್‌ಬಾಲ್ ಹುಚ್ಚು ಗೊತ್ತಿದ್ದೂ ಅನ್‌ಫ್ರೆಂಡ್ ಮಾಡದೆ ಉಳಿದಿರುವ ಪುಣ್ಯಾತ್ಮರು ಮಾತ್ರ ಓದಿ.

ಸಂಜೆ ಮಗನ ಜೊತೆ ಹತ್ತಿರದ ಒಂದು ಮೈನರ್ ಲೀಗ್ (ದೊಡ್ಡ ಲೀಗಿಗಿಂತ ಕೆಳಗಿನ ಹಂತದ್ದು) ಮ್ಯಾಚಿಗೆ ಹೋಗಿದ್ದೆ. ಪಿಚ್ಚರ್, ಅಂದರೆ ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಕಡ್ಡಿಯಂಥ ಮೈ. ಪ್ರತಿ ಎಸೆತಕ್ಕೂ ಮುಂಚೆ ಟೋಪಿಯ ಅಂಚನ್ನು ಎರಡು ಸಲ ಮುಟ್ಟಿಕೊಳ್ಳುವ ಅಭ್ಯಾಸ. ಆರು ಇನಿಂಗ್ಸ್ ಎಸೆದ, ಎದುರಾಳಿಗೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ಸೇರುವುದು) ಕೊಡಲಿಲ್ಲ. ಒಂಬತ್ತೂ ಇನಿಂಗ್ಸ್ ಹೀಗೇ ಮುಗಿಸಿದರೆ ಅದು ನೋ-ಹಿಟ್ಟರ್. ಎಷ್ಟೋ ಪಿಚ್ಚರ್‌ಗಳಿಗೆ ಜನ್ಮದಲ್ಲಿ ಒಂದು ಸಲವೂ ದಕ್ಕದ ಭಾಗ್ಯ. ನಮ್ಮ ಸಾಲಿನಲ್ಲಿ ಕಡಲೆಕಾಯಿ ಬಿಡಿಸುವುದನ್ನೂ ನಿಲ್ಲಿಸಿದ್ದೆವು.

ಏಳನೇ ಇನಿಂಗ್ಸಿಗೆ ನೋಡಿದರೆ ಮೌಂಡ್ ಮೇಲೆ, ಅದೇ ಪಿಚ್ಚರ್ ನಿಂತು ಎಸೆಯುವ ದಿಬ್ಬದ ಮೇಲೆ, ಬೇರೆ ಯಾರೋ! ಹುಡುಗ ಡಗೌಟಿನಲ್ಲಿ ಜಾಕೆಟ್ ಹೊದ್ದು ಕೂತಿದ್ದಾನೆ. 74 ಎಸೆತ ಆಯ್ತು, ಸಾಕು ಅಂತ ಮ್ಯಾನೇಜರ್ ಇಳಿಸಿದ್ದಾನೆ. ಹೊಸಬನ ಎರಡನೇ ಎಸೆತಕ್ಕೇ ಹಿಟ್. ಮುಗೀತಲ್ಲ ಕಥೆ.

ಹಿಂದೆ ಒಂದು ಸಲ ಅಮ್ಮ ಮೈಸೂರಿನಿಂದ ಫೋನ್ ಮಾಡಿದಾಗ "ಒಳ್ಳೇ ಪಿಚ್ಚರ್ ನೋಡಿದೆ ಅಮ್ಮಾ" ಅಂದಿದ್ದೆ. "ಯಾರ್ದೋ, ವಿಷ್ಣುದಾ?" ಅಂದಿದ್ದಳು. ಯೋಚನೆ ಮಾಡಿದರೆ ಅವಳ ಪಿಚ್ಚರಿನಲ್ಲಿ ಈ ಅನ್ಯಾಯ ನಡೆಯುತ್ತಿರಲಿಲ್ಲ. ಇಂಟರ್‌ವಲ್ ಆದ ಮೇಲೆ ವಿಷ್ಣುವರ್ಧನ್‌ಗೆ ಸುಸ್ತಾಗಿರಬಹುದು ಅಂತ ಕ್ಲೈಮ್ಯಾಕ್ಸ್ ಫೈಟಿಗೆ ಬೇರೆ ಯಾರನ್ನೋ ಕಳಿಸಿದ್ದರೆ ಮೈಸೂರಿನ ಥಿಯೇಟರಿನಲ್ಲಿ ಒಂದು ಕುರ್ಚಿ ಉಳಿಯುತ್ತಿತ್ತೇ?

ನಾನು ಈ ಆಟ ಕಲಿತದ್ದು 1998ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ. ಜುಲೈ ತಿಂಗಳು ಅಂತ ಅರ್ಧ ತೋಳಿನ ಅಂಗಿಯಲ್ಲಿ ಹೋಗಿ ಆ ಸುಡುಗಾಡು ಗಾಳಿಗೆ ನಡುಗುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜ ಅರ್ಧ ಕಂಬಳಿ ನನ್ನ ಕಡೆ ಸರಿಸಿ, ಪೆನ್ಸಿಲಿನಲ್ಲಿ ಸ್ಕೋರ್ ಬರೆಯುವುದನ್ನು ಹೇಳಿಕೊಟ್ಟ. ಜೊತೆಗೆ ಅದೇ ಮೈದಾನದಲ್ಲಿ 1963ರ ಜುಲೈ 2ರಂದು ನಡೆದ ಆಟದ ಕಥೆ. ಒಂದು ಕಡೆ ಹುವಾನ್ ಮಾರಿಷಾಲ್, ಇನ್ನೊಂದು ಕಡೆ 42 ವರ್ಷದ ವಾರನ್ ಸ್ಪಾನ್. ಹದಿನೈದು ಇನಿಂಗ್ಸ್ ಆದರೂ ಇಬ್ಬರೂ ಒಂದು ರನ್ ಬಿಟ್ಟುಕೊಡಲಿಲ್ಲ, ಇಬ್ಬರೂ ಮೌಂಡ್ ಬಿಟ್ಟು ಇಳಿಯಲೂ ಇಲ್ಲ. ಹದಿನಾರನೆಯದರಲ್ಲಿ ವಿಲ್ಲೀ ಮೇಸ್ ಹೋಮ್ ರನ್ ಹೊಡೆದು 1-0. ಮಾರಿಷಾಲ್ ಎಸೆದದ್ದು 227 ಎಸೆತ, ಸ್ಪಾನ್ 201. ಇವತ್ತಿನ ಮ್ಯಾನೇಜರಿಗೆ ಈ ಅಂಕಿ ತೋರಿಸಿದರೆ ಆಂಬ್ಯುಲೆನ್ಸ್ ಕರೆಸುತ್ತಾನೆ.

1968ರಲ್ಲಿ ಬಾಬ್ ಗಿಬ್ಸನ್ ಒಬ್ಬನೇ 28 ಆಟಗಳನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಎಸೆದು ಮುಗಿಸಿದ್ದ. 2022ರಿಂದ ಈಚೆಗೆ ಅಮೆರಿಕದ ಅತಿ ದೊಡ್ಡ ಲೀಗಾದ ಮೇಜರ್ ಲೀಗಿನ 30 ತಂಡಗಳ ಎಲ್ಲ ಪಿಚ್ಚರ್‌ಗಳನ್ನು ಒಟ್ಟು ಹಾಕಿದರೂ ಒಂದು ಸೀಸನ್ನಿಗೆ ಅಂಥ ಆಟ 40 ಮುಟ್ಟಿಲ್ಲ.

2022ರ ಏಪ್ರಿಲಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಕ್ಲೇಟನ್ ಕರ್ಶಾ ಏಳು ಇನಿಂಗ್ಸ್, 21 ಬ್ಯಾಟ್ಸ್‌ಮನ್, 21 ಔಟ್. ಒಬ್ಬನನ್ನೂ ಬೇಸ್ ಮುಟ್ಟಲು ಬಿಟ್ಟಿರಲಿಲ್ಲ. ಇನ್ನು ಆರು ಔಟ್ ಆಗಿದ್ದರೆ ಪರ್ಫೆಕ್ಟ್ ಗೇಮ್. ನೂರೈವತ್ತು ವರ್ಷ ಆಗುತ್ತ ಬಂದ ಈ ಲೀಗಿನಲ್ಲಿ ಇವತ್ತಿಗೂ ಅಂಥವು 24 ಮಾತ್ರ. 80 ಎಸೆತಕ್ಕೆ ತೆಗೆದರು! ಚಳಿಯಿತ್ತು, ಕೈನೋವಿನಿಂದ ಎದ್ದು ಬಂದ ಮೊದಲ ಆಟ, ಅವನೂ ಒಪ್ಪಿಕೊಂಡ, ಎಲ್ಲಾ ಗೊತ್ತು ಸ್ವಾಮಿ. ಅವನ ತಂಡ ಡಾಡ್ಜರ್ಸ್, ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಅಭಿಮಾನಿಗಳಾದ ನಮಗೆ ಆಗದ ತಂಡ, ಆದರೂ ಆ ದಿನ ಊಟ ಸೇರಲಿಲ್ಲ. 2025ರಲ್ಲಿ ಕರ್ಶಾ ನಿವೃತ್ತನಾದ. ಪರ್ಫೆಕ್ಟ್ ಗೇಮ್ ಇಲ್ಲದೆಯೇ.

ಅದಕ್ಕೂ ಮುಂಚೆ 2020ರ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗಿನ ಫೈನಲ್, ಆರನೇ ಆಟ. ಟ್ಯಾಂಪಾ ಬೇ ರೇಸ್ ತಂಡದ ಬ್ಲೇಕ್ ಸ್ನೆಲ್ ಎದುರು ಡಾಡ್ಜರ್ಸ್‌ನ ಮೊದಲ ಮೂವರು ಬ್ಯಾಟ್ಸ್‌ಮನ್‌ಗಳು ಬಂದದ್ದು ಆರು ಸಲ, ಆರೂ ಸಲ ಸ್ಟ್ರೈಕ್ ಔಟ್. 73 ಎಸೆತಕ್ಕೆ ಮ್ಯಾನೇಜರ್ ಬಂದು ಕೈಯಿಂದ ಚೆಂಡು ಇಸಕೊಂಡ. ಮೂರನೇ ಸಲ ಬ್ಯಾಟ್ ಮಾಡುವವರು ಪಿಚ್ಚರನ್ನು ಓದಿಕೊಂಡಿರುತ್ತಾರೆ ಅನ್ನುವುದು ಲೆಕ್ಕಾಚಾರ. ಹೊಸಬನಿಗೆ ಮೂಕಿ ಬೆಟ್ಸ್ ಡಬಲ್ ಹೊಡೆದ, ಕಪ್ ಹೋಯಿತು. ಲೆಕ್ಕ ಸರಿಯಾಗಿಯೇ ಇತ್ತಂತೆ. ರೋಗಿ ಮಾತ್ರ ಹೋದ.

ಈಗ ಕ್ರಿಕೆಟ್ಟಿನವರಿಗೆ ಅರ್ಥವಾಗುವ ಭಾಷೆಯಲ್ಲಿ. 1999ರ ಫೆಬ್ರವರಿ, ಕೋಟ್ಲಾ. ಕುಂಬ್ಳೆ ಒಂಬತ್ತು ವಿಕೆಟ್ ತೆಗೆದು ನಿಂತಿದ್ದಾರೆ. ಇನ್ನೊಂದು ತುದಿಯಲ್ಲಿ ನಮ್ಮ ಶ್ರೀನಾಥ್ ತನಗೆಲ್ಲಿ ವಿಕೆಟ್ ಬಿದ್ದುಬಿಡುತ್ತೋ ಅಂತ ಸ್ಟಂಪಿನಿಂದ ಮಾರುದೂರ ಎಸೆಯುತ್ತಿದ್ದಾರೆ. ಆಗ ಯಾರಾದರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು "ಅನಿಲ್, 26 ಓವರ್ ಆಯ್ತು, ಸಾಕು" ಅಂದಿದ್ದರೆ? 74 ರನ್ನಿಗೆ 10 ವಿಕೆಟ್ ಅನ್ನುವ ಸಾಲು ನಮ್ಮ ಬಾಯಲ್ಲಿ ಇರುತ್ತಿತ್ತಾ? 74! ಇವತ್ತು ಆ ಹುಡುಗ ಎಸೆದದ್ದೂ 74.

ಸರಿ, ಇನ್ನೊಂದು ಕಡೆಯ ವಾದವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ನೀವೇ ಹೇಳುತ್ತೀರಿ. ಮೊಣಕೈಯ ಲಿಗಮೆಂಟ್ ಹರಿಯುತ್ತದೆ, ಅದನ್ನು ಸರಿ ಮಾಡಲು ಟಾಮಿ ಜಾನ್ ಅನ್ನುವ ಸರ್ಜರಿ, ವರ್ಷಗಟ್ಟಲೆ ಮನೆ. ಹುಡುಗರ ಕೈ ಉಳಿಸಬೇಡವಾ? ಉಳಿಸಿ ಮಹರಾಯರೇ, ಬೇಡ ಅಂದೆನೇ? ಉಳಿಯಿತಾ ಅಂತ ಕೇಳುತ್ತಿದ್ದೇನೆ. ಐದು ಇನಿಂಗ್ಸಿಗೇ ಇಳಿಸುತ್ತಾ ಬಂದರೂ ಮೊಣಕೈಗಳು ಹರಿಯುತ್ತಲೇ ಇವೆ. 2024ರ ಡಿಸೆಂಬರಿನಲ್ಲಿ ಮೇಜರ್ ಲೀಗಿನವರೇ ಹೊರತಂದ ವರದಿ ಬೆರಳು ತೋರಿಸಿದ್ದು ವೇಗದ ಹುಚ್ಚಿನ ಕಡೆಗೆ, ಪ್ರತಿ ಎಸೆತಕ್ಕೂ ಮೈಯೆಲ್ಲ ಹಿಂಡಿ ಎಸೆಯುವುದರ ಕಡೆಗೆ. ಐದೇ ಇನಿಂಗ್ಸ್ ಅಂತ ಮೊದಲೇ ಗೊತ್ತಿದ್ದರೆ ಯಾರು ತಾನೇ ಶಕ್ತಿ ಉಳಿಸಿಕೊಂಡು ಎಸೆಯುತ್ತಾರೆ?

ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಹೊಟ್ಟೆ ಹೊರೆಯುವುದೇ ಈ ಲೆಕ್ಕದಿಂದ. ಕಾರ್ಖಾನೆಯ ಪಂಪು ಕೆಡುವ ಮುಂಚೆಯೇ "ಇದನ್ನು ಬದಲಾಯಿಸಿ" ಅಂತ ಚಾರ್ಟ್ ಹಾಕಿ ತೋರಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಆದರೆ ಪಂಪಿಗೆ ಅದರದೇ ಒಂದು ದಿನ ಅಂತ ಇರುವುದಿಲ್ಲ. ಇನ್ನೆರಡು ಗಂಟೆ ಓಡಲಿ, ಏನಾಗುತ್ತೋ ನೋಡೋಣ ಅಂತ ಸಾವಿರಾರು ಜನ ಉಸಿರು ಹಿಡಿದು ಕೂರುವುದೂ ಇಲ್ಲ.

ಹಳೇದೆಲ್ಲ ಚಿನ್ನ ಅನ್ನುವ ಗೋಳು ಇದಲ್ಲ. 2023ರಲ್ಲಿ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕು ಅನ್ನುವ ಪಿಚ್ ಕ್ಲಾಕ್ ತಂದಾಗ ಚಪ್ಪಾಳೆ ತಟ್ಟಿದವನು ನಾನು. 2025ರ ವರ್ಲ್ಡ್ ಸೀರೀಸ್ ನೋಡಿದಿರಾ? ಡಾಡ್ಜರ್ಸ್ ಪಿಚ್ಚರ್ ಯಮಾಮೊಟೊ ಎರಡನೇ ಆಟವನ್ನು ಪೂರ್ತಿ ತಾನೇ ಎಸೆದ. ಆರನೆಯದರಲ್ಲಿ 96 ಎಸೆದ. ಮಾರನೇ ದಿನ ಏಳನೆಯದರಲ್ಲಿ ಮತ್ತೆ ಬಂದು ಹನ್ನೊಂದನೇ ಇನಿಂಗ್ಸಿನ ಕೊನೆಯ ಔಟ್ ತೆಗೆದ. ಆ ರಾತ್ರಿ ಚಾರ್ಟುಗಳೆಲ್ಲ ಎಲ್ಲಿ ಹೋಗಿದ್ದವು ಹಾಗಾದರೆ? ಡಾಡ್ಜರ್ಸ್ ಗೆದ್ದಿದ್ದಕ್ಕೆ ನಾನು ಸೋಫಾದಿಂದ ಎದ್ದು ಕುಣಿದೆ. ಹಳೇ ಜೈಂಟ್ಸ್ ಅಭಿಮಾನಿ ಬಾಯಲ್ಲಿ ಹೇಳಬಾರದ ಮಾತು ಇದು, ಗುಟ್ಟಾಗಿರಲಿ.

ಇಷ್ಟು ಬರೆಯುವಷ್ಟರಲ್ಲಿ ಇವಳು ನೀರು ಕುಡಿಯೋಕೆ ಬಂದಳು. ಹೆಗಲ ಮೇಲಿಂದ ಬಗ್ಗಿ ಓದಿದಳು. "ಶನಿವಾರ ಮಗು ಚೆನ್ನಾಗಿ ಎಸೀತಿದ್ದಾಗ ಕೋಚ್ ಹತ್ರ ಓಡಿ ಹೋಗಿ ಸಾಕು ತೆಗೀರಿ ಅಂದಿದ್ದು ಯಾರು?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಲೈಟ್ ಆರಿಸಿ ಹೋದಳು.

ನಾನೇ. ಹನ್ನೆರಡು ವರ್ಷದವರು ಮಕ್ಕಳ ಲಿಟಲ್ ಲೀಗಿನಲ್ಲಿ ದಿನಕ್ಕೆ 85 ಎಸೆತ ಎಸೆಯಬಹುದು. ನಾನು ಪ್ರತಿ ಎಸೆತಕ್ಕೂ ಎಣಿಸುವ ಕ್ಲಿಕ್ಕರ್ ಒತ್ತುತ್ತಾ ಬೇಲಿಗೆ ಅಂಟಿಕೊಂಡು ನಿಂತಿರುತ್ತೇನೆ. ಅವನು ಅವತ್ತು ಮನೆ ಸೇರುವವರೆಗೂ ಮಾತಾಡಲಿಲ್ಲ. ಕ್ಲಿಕ್ಕರ್ ಇನ್ನೂ ಕಾರಿನಲ್ಲೇ ಬಿದ್ದಿದೆ. 61ಕ್ಕೆ ನಿಂತಿದೆ, ಸೊನ್ನೆಗೆ ತಿರುಗಿಸಿಲ್ಲ.